ದ್ವೀಪದಲ್ಲಿ ಬರಿಗೊರಳು

ಮೊಣಕಾಲುದ್ದ ನೀರಿನಲ್ಲಿ ನಿಂತು ಗಂಡನಿಗೆ ಎರಚಲು ಬೊಗಸೆ ತುಂಬಿಕೊಂಡ ಕೃತಿಕಾ ಹಾಗೆಯೇ ನಿಂತುಬಿಟ್ಟಳು. ಬೊಗಸೆಯ ನೀರು ಸೋರಿಹೋಯಿತು. ಅವಳ ಕಣ್ಣು ಕೊಟ್ಟೂರೇಶನ ಬರಿಯ ಎದೆಯ ಮೇಲಿತ್ತು.

ಮದುವೆಯಾಗಿ ಮೂರು ತಿಂಗಳಾಗಿದ್ದರೂ ಆ ಕಣ್ಣು ತನ್ನ ಮೇಲೆ ಬಿದ್ದರೆ ಅವನಿಗೆ ಒಳಗೆಲ್ಲ ಒಂಥರಾ ಆಗುತ್ತಿತ್ತು. ಪುಣ್ಯಾತ್ಮ ಹೊಟ್ಟೆ ಒಳಗೆಳೆದುಕೊಂಡು, ಭುಜ ಅಗಲ ಮಾಡಿ ನಕ್ಕ.

“ಲಿಂಗ ಎಲ್ರೀ?” ಎಂದಳು.

ಚಿಕ್ಕಂದಿನಲ್ಲಿ ಗುರುಗಳು ಕೊರಳಿಗೆ ಕಟ್ಟಿದ ಇಷ್ಟಲಿಂಗ ಅದು. ಬೆಳ್ಳಿಯ ಕರಡಿಗೆಯಲ್ಲಿ ಸದಾ ಎದೆಯ ಮೇಲೇ ಇರಬೇಕು, ಮೈಯಿಂದ ಅಗಲಿಸುವ ಹಾಗಿಲ್ಲ. ದಾವಣಗೆರೆಯ ಕೆ.ಬಿ. ಬಡಾವಣೆಯ ಮನೆಯಲ್ಲಾಗಲಿ, ಅವನ ಟೈಲ್ಸ್ ಅಂಗಡಿಯಲ್ಲಾಗಲಿ ಅದನ್ನು ಯಾರೂ ತಿರುಗಿ ನೋಡಿದವರಲ್ಲ. ಆದರೆ ಥೈಲ್ಯಾಂಡಿಗೆ ಬಂದ ಮೇಲೆ ಹೋಟೆಲಿನ ಈಜುಕೊಳದಲ್ಲಿ ಬೆಂಗಳೂರಿನ ಇಬ್ಬರು, ಇದೇನು ಬ್ರದರ್, ಹೆಂಡತಿ ಕಟ್ಟಿದ ಜಿಪಿಎಸ್ಸಾ ಎಂದು ಕೇಳಿ ನಕ್ಕಿದ್ದರು. ಕೊಟ್ಟೂರೇಶನೂ ಅವರ ಜೊತೆ ಸೇರಿ ನಕ್ಕಿದ್ದ. ನಕ್ಕ ಮೇಲೆ ಕಿವಿಯೆಲ್ಲ ಬಿಸಿಯಾಗಿತ್ತು.

ಇವತ್ತು ಬೆಳಿಗ್ಗೆ ಕೃತಿಕಾ ವಿಭೂತಿ ಹಚ್ಚಿಕೊಂಡು ಕಿಟಕಿಯ ಬಳಿ ಪೂಜೆಗೆ ಕೂತಾಗ, ತನ್ನದು ಆಗಲೇ ಮುಗಿಯಿತೆಂದು ಸುಳ್ಳು ಹೇಳಿದ. ಕರಡಿಗೆಯನ್ನು ತೆಗೆದು ಕೂಲಿಂಗ್ ಗ್ಲಾಸಿನ ಡಬ್ಬಿಯಲ್ಲಿಟ್ಟ. ಡಬ್ಬಿಯನ್ನು ರೂಮಿನಲ್ಲೇ ಬಿಟ್ಟು, ಗ್ಲಾಸು ಹಾಕಿಕೊಂಡು ದ್ವೀಪದ ದೋಣಿ ಹತ್ತಿದ.

ಈಗಲಾದರೂ ಹೇಳಿಬಿಡಬಹುದಿತ್ತು. ಆದರೆ ಅವಳ ಮುಖ ನೋಡಿದ್ದೇ ಕೈ ತಾನಾಗಿ ಎದೆ ತಡವಿತು, ಬಾಯಿ ತಾನಾಗಿ ಈಗ ಇತ್ತಲ್ಲ ಎಂದಿತು.

ಅಷ್ಟು ಸಾಕಾಯಿತು. ಕೃತಿಕಾ ಬಾಗಿ ಎರಡೂ ಕೈಯಿಂದ ಮರಳು ಕೆದಕತೊಡಗಿದಳು. ಬಾರದ ಇಂಗ್ಲಿಷಿನಲ್ಲಿ, ಅದೂ ಸಾಲದಾದಾಗ ಕನ್ನಡದಲ್ಲಿ, ಕಂಡಕಂಡವರಿಗೆಲ್ಲ ಕೊರಳು ಮುಟ್ಟಿ ತೋರಿಸಿದಳು. ದೋಣಿಯವನು ಓಡಿಬಂದ. ತನ್ನ ಕೊರಳಲ್ಲಿದ್ದ ಬುದ್ಧನ ತಾಯಿತವನ್ನು ಹಿಡಿದು, ಇಂಥದ್ದಾ ಎಂದು ಸನ್ನೆಯಲ್ಲೇ ಕೇಳಿದ. ಅವಳು ತಲೆಯಾಡಿಸಿದ್ದೇ ತಡ, ಧುಮುಕಿದ. ಅವನ ನೆಂಟನೊಬ್ಬ ಇನ್ನೊಂದು ದೋಣಿಯಿಂದ ಧುಮುಕಿದ. ವಯಸ್ಸಾದ ಬಿಳಿಯ ದಂಪತಿ ಕೂಡ ನೀರೊಳಗೆ ನೋಡುವ ತಮ್ಮ ಕನ್ನಡಕ ಹಾಕಿಕೊಂಡು ಬಂದರು.

ಅಂಗಿಯಿಲ್ಲದ ಮೈಮೇಲೆ ಆ ತಾಯಿತ ಕುಣಿಯುತ್ತಿತ್ತು. ದೋಣಿಯವನಿಗೆ ಅದರ ಬಗ್ಗೆ ಒಂದಿಷ್ಟೂ ಸಂಕೋಚವಿರಲಿಲ್ಲ. ಅದನ್ನು ನೋಡಿ ಕೊಟ್ಟೂರೇಶನಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಇಷ್ಟಾದರೂ ಮಹಾನುಭಾವ ತಾನೂ ಬಗ್ಗಿ ಹುಡುಕುವ ನಾಟಕ ಮಾಡುತ್ತಿದ್ದ.

ಯಾರೋ ಎಳನೀರು ತಂದುಕೊಟ್ಟರು. ಸಿಗುವ ತನಕ ಬಾಯಿಗೆ ಹನಿ ನೀರೂ ಬೇಡವೆಂದು ಕೃತಿಕಾ ಪಕ್ಕಕ್ಕಿಟ್ಟಳು. ಭಾನುವಳ್ಳಿಯವಳು, ಊರ ಪಕ್ಕದಲ್ಲೇ ನಾಲೆ ಹರಿದರೂ ನೀರೆಂದರೆ ಹೆದರಿ ಸಾಯುವವಳು. ಅಂಥವಳು ಸೊಂಟದ ನೀರು ದಾಟಿ ಎದೆಮಟ್ಟಕ್ಕೆ ಹೋದಳು. ಒಂದು ಅಲೆ ಬಂದು ಅವಳನ್ನು ಪೂರ್ತಿ ಮುಳುಗಿಸಿತು.

ಕೊಟ್ಟೂರೇಶ ಹೇಗೆ ಹೋದನೋ, ಹೇಗೆ ಎತ್ತಿದನೋ. ಕೆಮ್ಮುತ್ತ, ಉಪ್ಪುನೀರು ಉಗುಳುತ್ತ, ಅವಳು ಅವನ ಕೈ ಕೊಸರಿಕೊಂಡಳು.

“ನನ್ನ ಬಿಡ್ರಿ. ಅದನ್ನ ಹುಡುಕ್ರಿ ಮೊದ್ಲು.”

“ಕೃತಿ, ಅದು ರೂಮ್ನಾಗೆ ಐತೆ.”

ಅವಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅಷ್ಟರಲ್ಲಿ ದೋಣಿಯವನು ನೀರಿನಿಂದ ಮೇಲೆದ್ದು, ತನ್ನದೇ ತಪ್ಪೆಂಬಂತೆ ಖಾಲಿ ಕೈಗಳನ್ನು ಜೋಡಿಸಿದ. ಕೊಟ್ಟೂರೇಶ ಅವನ ಬಳಿ ಹೋಗಿ, ಹೋಟೆಲ್, ರೂಮ್, ಸಾರಿ ಎಂದು ತೊದಲಿದ. ಅವನು ಬೈದಿದ್ದರೆ ಹಗುರಾಗುತ್ತಿತ್ತು. ಅವನೋ, ಕಳೆದಿಲ್ಲವಲ್ಲ ಎಂದು ಸಂತೋಷಪಟ್ಟು ಬೆನ್ನು ತಟ್ಟಿ ಹೋದ.

ಮರದ ನೆರಳಲ್ಲಿ ಕೃತಿಕಾ ಒದ್ದೆ ಚೂಡಿದಾರದಲ್ಲೇ ಕೂತಿದ್ದಳು. ಕೊಟ್ಟೂರೇಶ ಈಜುಕೊಳದ ಕಥೆಯನ್ನೆಲ್ಲ ಹೇಳಿದ, ಒಂದನ್ನೂ ಮುಚ್ಚಿಡಲಿಲ್ಲ. ಅವಳು ಕೇಳುತ್ತ ಮರಳ ಮೇಲೆ ಗೆರೆ ಎಳೆಯುತ್ತಿದ್ದಳು.

“ನಿನ್ನೆ ಬೀಚ್‌ನಾಗೆ ನೀವು ಮುಂದ್ ಮುಂದೇ ಹೋಗ್ತಿದ್ರಿ,” ಎಂದಳು ಕೊನೆಗೆ. “ಎಲ್ರೂ ಅಂಥಾ ಬಟ್ಟೆ ಹಾಕ್ಕೊಂಡಿದ್ರು. ನಾನು ಹಿಂಗಿದ್ದೆ. ನಾನೂ ನಿಮ್ಗೆ ನಾಚ್ಕೆನಾ?”

ಇಲ್ಲ ಎನ್ನುವುದು ಸುಲಭವಾಗಿತ್ತು. ಅವಳಿಗೂ ಅದೇ ಬೇಕಿತ್ತೇನೋ. ಆದರೆ ಒಂದು ಸುಳ್ಳಿಗೆ ಅವಳು ಮುಳುಗಿ ಎದ್ದಿದ್ದಳು.

“ನಿನ್ನೆ ಹೌದು,” ಎಂದ. “ಇವತ್ತು ನಿನ್ನ ಮುಖ ನೋಡೋಕೆ ನಂಗೇ ಆಗ್ತಿಲ್ಲ.”

ಅವಳ ಕಣ್ಣು ತುಂಬಿ ಬಂತು. ಒರೆಸಿಕೊಳ್ಳಲಿಲ್ಲ. ಅವಳನ್ನು ತಾನು ಎಷ್ಟು ಪ್ರೀತಿಸುತ್ತೇನೆಂದು ಅವನಿಗೆ ಆಗ ತಿಳಿಯಿತು, ಆದರೆ ಅದನ್ನು ಹೇಳುವ ಮುಖ ಉಳಿದಿರಲಿಲ್ಲ. ಕೊನೆಗೆ ಅವಳು ಎಳನೀರು ಕೈಗೆತ್ತಿಕೊಂಡು ಕುಡಿದಳು. ಅರ್ಧ ಕುಡಿದು, ಅವನ ಕಡೆ ನೋಡದೆಯೇ, ಉಳಿದದ್ದನ್ನು ಅವನತ್ತ ಸರಿಸಿದಳು.

ಹೊರಡುವ ಹೊತ್ತಾಗಿತ್ತು. ದೋಣಿಯ ಏಣಿ ಅಲೆಗೆ ಮೇಲೆ ಕೆಳಗೆ ಆಡುತ್ತಿತ್ತು. ಒದ್ದೆ ಪ್ಯಾಂಟು ಕಾಲಿಗೆ ಅಂಟಿ ಕೃತಿಕಾಗೆ ಮೊದಲ ಮೆಟ್ಟಿಲೇ ಎಟುಕಲಿಲ್ಲ. ಒಮ್ಮೆ ಜಾರಿದಳು. ದೋಣಿಯಲ್ಲಿ ಆಗಲೇ ಕೂತಿದ್ದವರೆಲ್ಲ ತಿರುಗಿ ನೋಡಿದರು. ಯಾರೋ ಕಿಸಕ್ಕೆಂದರು. ಒಬ್ಬಳು ಫೋನು ಎತ್ತಿ ಹಿಡಿದಳು.

ಕೊಟ್ಟೂರೇಶ ನೀರಿನಲ್ಲಿ ಒಂದು ಮಂಡಿಯೂರಿ, ಇನ್ನೊಂದು ತೊಡೆಯನ್ನು ಮೆಟ್ಟಿಲಿನಂತೆ ಮುಂದೆ ಮಾಡಿ, ಕಾಲಿಡು ಎಂದ.

ಗಂಡನ ಮೈಮೇಲೆ ಕಾಲಿಡುವುದೇ? ಕೃತಿಕಾ ಹಿಂದೆ ಸರಿದಳು. “ಬ್ಯಾಡ್ರಿ. ಎಲ್ರೂ ನೋಡಾಕತ್ತಾರೆ.”

“ನೋಡ್ಲಿ.”

ಅವಳು ಅವನ ಮುಖವನ್ನೊಮ್ಮೆ ನೋಡಿದಳು. ಆಮೇಲೆ ಒಂದು ಕೈ ಅವನ ತಲೆಯ ಮೇಲೂರಿ, ಮರಳು ಮೆತ್ತಿದ ಕಾಲನ್ನು ತೊಡೆಯ ಮೇಲಿಟ್ಟು, ಬೇಕಿದ್ದಕ್ಕಿಂತ ಸ್ವಲ್ಪ ಜೋರಾಗಿಯೇ ತುಳಿದು ಮೇಲೆ ಹತ್ತಿದಳು.