ಎರಡು ಬೀಗದ ಪೆಟ್ಟಿಗೆ

ನೋರೀನ್ ಮತ್ತು ವೇಡ್ ದಿನವಿಡೀ ಒಂದೇ ಕಾರಿನಲ್ಲಿ ಓಡಾಡುವಂತೆ ಮಾಡಿದ್ದು ಪ್ರೀತಿಯಲ್ಲ, ಕಾಯ್ದೆ. ಓಹಾಯೋದ ಆ ಪುಟ್ಟ ಕೌಂಟಿಯಲ್ಲಿ ವೃದ್ಧಾಶ್ರಮಗಳಿಗೆ ಹೋಗಿ ಮತ ಹಾಕಿಸಿಕೊಂಡು ಬರುವವರು ಇಬ್ಬರಿರಬೇಕು. ಒಬ್ಬರು ರಿಪಬ್ಲಿಕನ್, ಇನ್ನೊಬ್ಬರು ಡೆಮಾಕ್ರಟ್. ಮತದ ಪೆಟ್ಟಿಗೆಗೆ ಎರಡು ಬೀಗ. ಒಂದರ ಕೀ ಅವಳ ಹತ್ತಿರ, ಇನ್ನೊಂದರದ್ದು ಅವನ ಹತ್ತಿರ. ಒಬ್ಬರನ್ನೊಬ್ಬರು ನಂಬಬಾರದು ಎಂಬುದೇ ಇಡೀ ಏರ್ಪಾಡಿನ ತಳಪಾಯ. ಅಂಥ ತಳಪಾಯದ ಮೇಲೆ ನೋರೀನಳ ಮನಸ್ಸು ಏನೇನೋ ಕಟ್ಟಲು ಶುರುಮಾಡಿತ್ತು, ಹಾಳಾದ್ದು.

ಇವತ್ತು ಆ ಕೆಲಸದ ಕೊನೆಯ ದಿನ.

"ನಾಳೆಯಿಂದ ನಿಮಗೆ ನನ್ನ ಕಾಟ ಇರಲ್ಲ ಬಿಡಿ," ಎಂದ ವೇಡ್, ಗೇರು ಬದಲಿಸುತ್ತಾ.

"ಕಾಟ ಒಂದೇನಾ? ದಿನಾ ನನ್ನ ಡೋನಟ್‌ನಲ್ಲಿ ಅರ್ಧ ತಿಂದಿದ್ದು?"

"ಜನರ ಹಲ್ಲು ಕ್ಲೀನ್ ಮಾಡೋರು ಡೋನಟ್ ತಿನ್ನೋದು ಯಾರಾದ್ರೂ ನೋಡಿದ್ರೆ ಏನಂದುಕೊಳ್ತಾರೆ? ನಿಮ್ಮ ಮರ್ಯಾದೆ ಉಳಿಸಿದೆ ಕಣ್ರೀ."

ಹೇಳಿ ಓರೆಗಣ್ಣಿನಲ್ಲಿ ನೋಡಿದ. ಕಣ್ಣಿನ ಕೊನೆಯಲ್ಲಿ ಮೊದಲು ನಗು ಬಂದು, ತುಟಿಗೆ ಆಮೇಲೆ ಇಳಿಯುವ ಮುಖ ಅವನದು. ನೋರೀನ್ ಅದನ್ನು ನೋಡಬಾರದೆಂದು ಕಿಟಕಿಯ ಕಡೆ ತಿರುಗಿದಳು. ಕಿಟಕಿಯ ಗಾಜಿನಲ್ಲೂ ಅದೇ ಮುಖ ಕಂಡಿತು.

ಹೊರಗೆ ಮನೆ ಮನೆಯ ಹುಲ್ಲುಹಾಸಿನ ಮೇಲೂ ಫಲಕಗಳು. ಈ ಮನೆಯಲ್ಲಿ ರಿಪಬ್ಲಿಕನ್ನರ ಕೆಂಪು, ಆ ಮನೆಯಲ್ಲಿ ಡೆಮಾಕ್ರಟರ ನೀಲಿ. ಹತ್ತು ವರ್ಷ ಒಬ್ಬರ ಮನೆಯ ಹಿಮವನ್ನು ಇನ್ನೊಬ್ಬರು ಗುಡಿಸಿಕೊಟ್ಟವರು ಈಗ ಒಬ್ಬರ ನಾಯಿಯನ್ನೂ ಇನ್ನೊಬ್ಬರು ಮಾತಾಡಿಸುತ್ತಿರಲಿಲ್ಲ. ನೋರೀನ್‌ಗೆ ಇದೆಲ್ಲ ಸಾಕುಸಾಕಾಗಿತ್ತು. ಅವಳು ಕೆಲಸ ಮಾಡುವ ದಂತವೈದ್ಯರ ಕ್ಲಿನಿಕ್ಕಿನಲ್ಲಿ ಅವಳಿಗೆ ಇದ್ದ ಒಂದೇ ಸುಖವೆಂದರೆ, ಬಾಯಿ ತೆರೆದುಕೊಂಡು ಮಲಗಿದವರು ರಾಜಕೀಯ ಮಾತಾಡಲಾರರು.

ವೇಡ್ ಫರ್ನೇಸ್ ರಿಪೇರಿ ಮಾಡುವವನು. ಚಳಿಗಾಲದಲ್ಲಿ ಯಾರ ಮನೆ ಬೆಚ್ಚಗಾಗದಿದ್ದರೂ ಅವನಿಗೇ ಫೋನು. ಕಾರಿನಲ್ಲಿ ಪಕ್ಷದ ಮಾತು ಎತ್ತಬಾರದೆಂದು ಚುನಾವಣಾ ಕಚೇರಿಯ ಕಟ್ಟಪ್ಪಣೆ. ಹಾಗಾಗಿ ಅವರು ಉಳಿದೆಲ್ಲವನ್ನೂ ಮಾತಾಡಿದ್ದರು. ಅವನ ಸತ್ತುಹೋದ ನಾಯಿ, ಅವಳ ಕೆಟ್ಟುಹೋದ ಪಿಯಾನೋ, ಚಿಲ್ಲಿ ಎಂಬ ಮಾಂಸದ ಗೊಜ್ಜನ್ನು ಶಾವಿಗೆಯ ಮೇಲೆ ಸುರಿಯಬೇಕೋ ಬಾರದೋ ಎಂಬ ದೊಡ್ಡ ವಾದ. ಅವನ ಜೊತೆ ಹಾಗೆ ಕೂತಿರುವುದೆಂದರೆ ಅವಳಿಗೆ ತುಂಬಾ ಇಷ್ಟ. ಇಷ್ಟವಾದಷ್ಟೂ ಭಯ.

ಭಯಕ್ಕೆ ಕಾರಣ ಕರ್ಟ್. ಅವಳನ್ನು ಮದುವೆಯಾಗಬೇಕಿದ್ದವನು. ಒಳ್ಳೆಯವನೇ, ಆದರೆ ಟಿವಿ ಮುಂದೆ ಕೂತು ಕೂತು ಬೇರೆಯೇ ಮನುಷ್ಯನಾದ. ಕಳೆದ ಚುನಾವಣೆಯ ವರ್ಷ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಊಟದಲ್ಲಿ ಅವಳು, "ಎರಡೂ ಕಡೆಯವರು ಸ್ವಲ್ಪ ಅತಿಯಾಗಿ ಆಡ್ತಿಲ್ವಾ?" ಎಂದಿದ್ದಳು, ಅಷ್ಟೆ. ಅವನು ಎದ್ದು ಕೋಟು ಹಾಕಿಕೊಂಡ, ತಾನು ತಂದಿದ್ದ ಕುಂಬಳಕಾಯಿಯ ಸಿಹಿ ಪೈಯನ್ನು ಮೇಜಿನ ಮೇಲಿಂದ ಎತ್ತಿಕೊಂಡ, ಹೊರಟುಹೋದ. ಅವನು ಯಾವ ಪಕ್ಷದವನು ಎಂಬುದು ಮುಖ್ಯವಲ್ಲ, ಯಾವುದಾಗಿದ್ದರೂ ಪೈಯಂತೂ ಹೋಗುತ್ತಿತ್ತು. ಪಕ್ಷ ಕಟ್ಟಿಕೊಂಡವನ ಜೊತೆ ಇನ್ನು ಜೀವನ ಕಟ್ಟಿಕೊಳ್ಳುವುದಿಲ್ಲ ಎಂದು ಅವಳು ಅವತ್ತೇ ನಿರ್ಧರಿಸಿದ್ದಳು.

ಪಕ್ಕದಲ್ಲಿ ಕೂತವನ ಎದೆಯ ಮೇಲೆ ನೇತಾಡುತ್ತಿದ್ದ ಗುರುತಿನ ಚೀಟಿಯಲ್ಲಿ ದಪ್ಪ ಅಕ್ಷರದಲ್ಲಿ ಡೆಮಾಕ್ರಟ್ ಎಂದಿತ್ತು. ಅವಳ ಎದೆಯ ಮೇಲೆ ರಿಪಬ್ಲಿಕನ್ ಎಂದಿತ್ತು.

ಕೊನೆಯ ವೃದ್ಧಾಶ್ರಮದ ಕೊನೆಯ ಮತ ಓಪಲ್ ಅಜ್ಜಿಯದು. ತೊಂಬತ್ತು ದಾಟಿದ ಅಜ್ಜಿ ತುಟಿಗೆ ಬಣ್ಣ ಹಚ್ಚಿಕೊಂಡು, ಮುತ್ತಿನ ಸರ ಹಾಕಿಕೊಂಡು ಕಾಯುತ್ತಿದ್ದಳು. ಕೈ ನಡುಗುವುದರಿಂದ ಇಬ್ಬರೂ ಅಕ್ಕಪಕ್ಕ ನಿಂತು ಓದಿ ಹೇಳಬೇಕು, ಅವಳು ಹೇಳಿದಲ್ಲಿ ಗುರುತು ಹಾಕಬೇಕು.

"ಕೆಳಗಿನಿಂದ ಶುರುಮಾಡಿ," ಎಂದಳು ಅಜ್ಜಿ. "ಲೈಬ್ರರಿ ತೆರಿಗೆ ಬೇಕೋ ಬೇಡ್ವೋ, ಜಡ್ಜು ಯಾರಾಗ್ಬೇಕು, ಅವೆಲ್ಲ ನಂಗೊತ್ತು. ಅಧ್ಯಕ್ಷರದ್ದು ಕೊನೆಗಿರ್ಲಿ."

ಕೊನೆಗೂ ಅದು ಬಂತು. ವೇಡ್ ಹೆಸರುಗಳನ್ನು ಓದಿದ. ಅಜ್ಜಿ ನಿಟ್ಟುಸಿರು ಬಿಟ್ಟಳು. "ಅಲ್ಲಾ, ಇಷ್ಟು ದೊಡ್ಡ ದೇಶದಲ್ಲಿ ಹುಡುಕಿ ಹುಡುಕಿ ಇವರೇ ಸಿಕ್ಕಿದ್ರಾ?"

"ಅಲ್ವಾ!" ಎಂಬ ಮಾತು ನೋರೀನಳ ಬಾಯಿಂದ ಜಾರಿಯೇಬಿಟ್ಟಿತು.

"ಅದನ್ನೇ ನಾನೂ..." ಎಂದ ವೇಡ್ ಅದೇ ಗಳಿಗೆಯಲ್ಲಿ.

ಒಬ್ಬರ ಮುಖ ಇನ್ನೊಬ್ಬರು ನೋಡಿದರು. ವೇಡ್‌ನ ಕಿವಿ ಕೆಂಪಾಗಿತ್ತು, ನೋರೀನಳ ಕೈಯಲ್ಲಿದ್ದ ಪೆನ್ನು ಗಾಳಿಯಲ್ಲೇ ನಿಂತಿತ್ತು.

ಅಜ್ಜಿ ತನ್ನ ಆಯ್ಕೆಯನ್ನು ಮೆಲ್ಲಗೆ ಹೇಳಿದಳು. ಅದು ಲಕೋಟೆಗೆ ಹೋಗಿ ಪೆಟ್ಟಿಗೆ ಸೇರಿತು, ಅದರ ಉಸಾಬರಿ ನಮಗೆ ಬೇಡ. ಆಮೇಲೆ ಕನ್ನಡಕ ತೆಗೆದಿಟ್ಟು ಇಬ್ಬರನ್ನೂ ಅಡಿಯಿಂದ ಮುಡಿವರೆಗೆ ನೋಡಿದಳು. "ನಿಮ್ಮ ಎದೆ ಮೇಲಿನ ಚೀಟಿ ಓದೋಕೆ ಕಣ್ಣು ಕಾಣಲ್ಲ, ಆದ್ರೆ ಮುಖ ಓದ್ತೀನಿ. ನೀನು ನೀಲಿ ಕಣೇ. ಇವನು ಕೆಂಪು."

"ಉಲ್ಟಾ ಅಜ್ಜಿ," ಎಂದು ವೇಡ್ ನಕ್ಕ.

"ಹೋಗ್ಲಿ ಬಿಡು. ಮದುವೆ ಯಾವಾಗ?"

"ಅಯ್ಯೋ, ನಾವು ಬರೀ ಕೆಲಸಕ್ಕೆ..." ಎಂದು ನೋರೀನ್ ತೊದಲಿದಳು.

"ಗೊತ್ತಾಯ್ತು ಗೊತ್ತಾಯ್ತು. ನಾನೂ ನಮ್ಮವರೂ ಬರೀ ಕೆಲಸಕ್ಕೇ ಸೇರಿದ್ದು," ಎಂದು ಅಜ್ಜಿ ಬಾಗಿಲು ತೋರಿಸಿದಳು.

ಪೆಟ್ಟಿಗೆ ಕಾರಿನಲ್ಲಿದ್ದಾಗ ದಾರಿಯಲ್ಲಿ ಎಲ್ಲೂ ನಿಲ್ಲಿಸುವಂತಿಲ್ಲ. ಹೀಗಾಗಿ ಹೇಳಬೇಕಾದ್ದನ್ನೆಲ್ಲ ರಸ್ತೆ ನೋಡುತ್ತಲೇ ಹೇಳಬೇಕಾಯಿತು.

"ನಾನು ನಿಜವಾಗಿ ರಿಪಬ್ಲಿಕನ್ ಅಲ್ಲ," ಎಂದಳು ನೋರೀನ್. "ಪಕ್ಷದ ಅಭ್ಯರ್ಥಿ ಆರಿಸೋ ಮಾರ್ಚ್ ಪ್ರೈಮರಿಯಲ್ಲಿ ಯಾವ ಪಕ್ಷದ ಮತದ ಚೀಟಿ ಕೇಳಿ ತಗೋತೀವೋ ಆ ಪಕ್ಷ ಅಂತ ಬರ್ಕೊಂಡುಬಿಡ್ತಾರಲ್ಲ. ಈ ಊರಲ್ಲಿ ಶೆರಿಫ್ ಯಾರು ಅನ್ನೋದು ರಿಪಬ್ಲಿಕನ್ ಚೀಟಿಯಲ್ಲೇ ತೀರ್ಮಾನ ಆಗೋದು. ಆ ಬಾಯಿಬಡುಕ ಗೆಲ್ಲಬಾರದು ಅಂತ ಹೋಗಿ ತಗೊಂಡೆ. ಒಂದು ಚೀಟಿ, ಅಷ್ಟೇ. ಅವತ್ತಿಂದ ಹಣೆಪಟ್ಟಿ."

ವೇಡ್ ಸ್ಟೀರಿಂಗ್ ಬಡಿದು ನಕ್ಕ. "ನಂಗೆ ಸ್ಕೂಲಲ್ಲಿ ಗಣಿತ ಕಲಿಸಿದ ಮೇಡಂ ಒಬ್ರು ಇದ್ದಾರೆ. ಕೌಂಟಿ ಕಮಿಷನರ್‌ಗೆ ನಿಂತಿದ್ರು. ಅವರ ಫರ್ನೇಸ್ ರಿಪೇರಿಗೆ ಹೋದಾಗ, 'ವೇಡ್, ಒಂದು ವೋಟು ಹಾಕಪ್ಪಾ' ಅಂದ್ರು. ಫೇಲ್ ಆಗೋನನ್ನ ಪಾಸ್ ಮಾಡಿದ್ರು ರೀ ಅವ್ರು! ಇಲ್ಲ ಅನ್ನೋಕಾಗುತ್ತಾ? ಅವ್ರ ಪಕ್ಷದ ಚೀಟಿ ತಗೊಂಡೆ, ಡೆಮಾಕ್ರಟ್ ಆದೆ."

"ಮತ್ತೆ ಇಷ್ಟು ದಿನ ನಾನು ನಿಮಗೆ ಹೆದರಿಕೊಂಡು ಕೂತಿದ್ದು?"

"ನಾನು ನಿಮಗಿಂತ ಜಾಸ್ತಿ ಹೆದರಿದ್ದೆ."

ಅವಳು ನಗುನಗುತ್ತಲೇ ಕರ್ಟ್ ಬಗ್ಗೆ, ಪೈ ಬಗ್ಗೆ ಹೇಳಿದಳು. ವೇಡ್ ನಗಲಿಲ್ಲ. "ಪೈ ಕೂಡ ತಗೊಂಡು ಹೋದ್ನಾ?" ಎಂದು ಮೆತ್ತಗೆ ಕೇಳಿದ. ಆ ಪ್ರಶ್ನೆಗೆ ಅವಳ ಕಣ್ಣು ತುಂಬಿತು.

"ಹಾಗಾದ್ರೆ ಮಂಗಳವಾರ ಚುನಾವಣೇಲಿ ನಿಮ್ಮ ವೋಟು..." ಎಂದು ಅವಳು ಶುರುಮಾಡಿದಳು.

"ಪೆಟ್ಟಿಗೆ ಒಪ್ಪಿಸೋವರೆಗೂ ಬೇಡ ನೋರೀನ್. ಇದೊಂದು ಕೆಲಸ ಆದ್ರೂ ನೆಟ್ಟಗೆ ಮಾಡೋಣ."

ಕಚೇರಿಯಲ್ಲಿ ಇಬ್ಬರೂ ಒಟ್ಟಿಗೆ ತಮ್ಮ ತಮ್ಮ ಬೀಗ ತೆಗೆದರು, ಕೀಗಳನ್ನು ವಾಪಸು ಕೊಟ್ಟರು, ಗುರುತಿನ ಚೀಟಿ ಕಳಚಿಟ್ಟರು. ಬರಿಗೈಯಲ್ಲಿ ಪಾರ್ಕಿಂಗ್ ಜಾಗಕ್ಕೆ ಬಂದು ನಿಂತಾಗ ಮಧ್ಯಾಹ್ನದ ತೆಳುಬಿಸಿಲು, ಕಾಲಡಿಯಲ್ಲಿ ಮೇಪಲ್ ಎಲೆಗಳು.

"ನಾನೇ ಮೊದಲು ಹೇಳ್ತೀನಿ," ಎಂದಳು ನೋರೀನ್. "ನನ್ನ ವೋಟು ನೀಲಿಗೆ. ಮೂಗು ಮುಚ್ಚಿಕೊಂಡು."

ವೇಡ್‌ನ ಮುಖ ಬಾಡಿತು. ಟೋಪಿ ತೆಗೆದು ಕೈಯಲ್ಲಿ ತಿರುಗಿಸಿದ. "ನಾನು ಕೆಂಪಿಗೆ. ನಾನೂ ಮೂಗು ಮುಚ್ಚಿಕೊಂಡೇ."

ಓಪಲ್ ಅಜ್ಜಿ ಹೇಳಿದ್ದೇ ಸರಿಯಾಗಿತ್ತು. ಆದರೆ ನೋರೀನ್‌ಗೆ ಆ ಕ್ಷಣ ನಗು ಬರಲಿಲ್ಲ. ಕೋಟು ಹಾಕಿಕೊಂಡು ಎದ್ದುಹೋಗುವ ಸರದಿ ಈಗ ತನ್ನದೇ ಏನೋ ಎನ್ನಿಸಿತು. ತನ್ನ ಕಾರಿನ ಕೀ ಜೇಬಿನಲ್ಲೇ ಇತ್ತು. ಹೋಗಿಬಿಡುವುದು ಸುಲಭವಿತ್ತು.

"ಯಾಕೆ?" ಎಂದು ಕೇಳಿದಳು.

ಅವನು ಹೇಳಿದ. ತನ್ನ ಜೊತೆ ಕೆಲಸ ಮಾಡುವವರ ಬಗ್ಗೆ, ದಿನಸಿ ಬೆಲೆ ಕೇಳಿ ಫರ್ನೇಸ್ ಆರಿಸಿ ಕಂಬಳಿ ಹೊದ್ದು ಕೂರುವ ಮನೆಗಳ ಬಗ್ಗೆ. ಅವಳಿಗೆ ಒಪ್ಪಿಗೆಯಾಗಲಿಲ್ಲ. ಹಾಗೆಂದೇ ಹೇಳಿದಳು. ನೋವು ತಡೆದುಕೊಂಡು ಹಲ್ಲು ಪೂರ್ತಿ ಕೊಳೆತ ಮೇಲೆ ಬರುವವರ ಬಗ್ಗೆ, ಔಷಧಿಯ ಮಾತ್ರೆಯನ್ನು ಎರಡಾಗಿ ಮುರಿದು ತಿನ್ನುವವರ ಬಗ್ಗೆ ಹೇಳಿದಳು. ದನಿ ಏರಿತು. ಅವನು ಕಣ್ಣು ಕದಲಿಸದೆ ಕೇಳಿಸಿಕೊಂಡ.

"ಇದನ್ನ ನಾನು ಹೀಗೆ ಯೋಚಿಸಿರಲಿಲ್ಲ," ಎಂದ ಕೊನೆಗೆ.

ನೋರೀನ್ ಆ ಮಾತನ್ನು ಯಾರ ಬಾಯಲ್ಲಾದರೂ ಕೇಳಿ ಎಷ್ಟು ಕಾಲವಾಗಿತ್ತು! ಮನೆಯಲ್ಲಿ, ಟಿವಿಯಲ್ಲಿ, ಕ್ಲಿನಿಕ್ಕಿನಲ್ಲಿ ಎಲ್ಲರೂ ಎಲ್ಲವನ್ನೂ ಆಗಲೇ ಯೋಚಿಸಿ ಮುಗಿಸಿದ್ದರು.

"ವೋಟು ಬದಲಾಯಿಸ್ತೀರಾ?"

"ಇಲ್ಲ ಅನ್ಸುತ್ತೆ," ಎಂದ ಅವನು, ಸಂಕಟದಿಂದ. "ಸುಳ್ಳು ಹೇಳಿ ನಿಮ್ಮನ್ನ ಉಳಿಸಿಕೊಳ್ಳೋಕೆ ಮನಸ್ಸು ಬರ್ತಿಲ್ಲ. ಆದ್ರೆ ನಾಳೆ ಬೆಳಿಗ್ಗೆ ನೀವು ಪಕ್ಕದ ಸೀಟಲ್ಲಿ ಇರಲ್ಲ ಅಂದ್ರೆ ನಂಗೆ ಆಗಲ್ಲ ನೋರೀನ್. ಮೊದಲನೇ ವಾರದಿಂದಲೇ ಆಗ್ತಿಲ್ಲ."

ಅವಳು ಹತ್ತಿರ ಹೋದಳು. ಫರ್ನೇಸ್ ಮಸಿ ಕೂತು ಕಪ್ಪಾದ ಆ ಉಗುರುಗಳನ್ನು ಇಷ್ಟು ದಿನ ಸ್ಟೀರಿಂಗ್ ಮೇಲೆ ಮಾತ್ರ ನೋಡಿದ್ದಳು; ಈಗ ತನ್ನ ಅಂಗೈಯೊಳಗೆ ಹಿಡಿದುಕೊಂಡಳು.

"ನಂಗೂ ನೀನಂದ್ರೆ ಇಷ್ಟ ಕಣೋ, ಪೆದ್ದ."

ಆ 'ನೀನು' ಕೇಳಿ ವೇಡ್‌ನ ಕಣ್ಣಿನ ಕೊನೆಯಲ್ಲಿ ನಗು ಬಂತು. ಈ ಸಲ ನೋರೀನ್ ಮುಖ ತಿರುಗಿಸಲಿಲ್ಲ, ಅದು ತುಟಿಗೆ ಇಳಿಯುವವರೆಗೂ ನೋಡುತ್ತಲೇ ನಿಂತಳು.

"ಥ್ಯಾಂಕ್ಸ್‌ಗಿವಿಂಗ್‌ಗೆ ನಮ್ಮನೆಗೆ ಬಾ," ಎಂದಳು. "ಅಷ್ಟರಲ್ಲಿ ಯಾರಾದ್ರೂ ಒಬ್ಬರು ಗೆದ್ದಿರ್ತಾರೆ. ನಮ್ಮಿಬ್ಬರಲ್ಲಿ ಒಬ್ಬರಿಗೆ ಹೊಟ್ಟೆ ಉರೀತಿರುತ್ತೆ."

"ಪೈ ನಾನು ತರ್ತೀನಿ."

"ತಂದಿದ್ದನ್ನ ವಾಪಸ್ ತಗೊಂಡು ಹೋಗೋ ಹಾಗಿಲ್ಲ."

"ಜಗಳ ಆದ್ರೂ?"

"ಜಗಳ ಆದ್ರೆ ಕೂತ್ಕೊಂಡು ಇನ್ನೊಂದು ತುಂಡು ಹಾಕಿಸ್ಕೋಬೇಕು."

"ಸರಿ," ಎಂದ ವೇಡ್. "ಹಾಗಾದ್ರೆ ಎರಡು ತರ್ತೀನಿ."