ಹೊನ್ನಗುಂಡಿಯ ಮೂರು ಪೆಟ್ಟು

ಸೋಮವಾರ ಬೆಳಿಗ್ಗೆ ಠಾಣೆಯ ಸೆಂಟ್ರಿ ಹತ್ತು ಗಂಟೆಯ ಹತ್ತು ಪೆಟ್ಟು ಬಾರಿಸಿ ಸುತ್ತಿಗೆ ಕೆಳಗಿಡುವಷ್ಟರಲ್ಲಿ ಲಾವಣ್ಯ ಎಂಬ ಯುವತಿ ಏದುಸಿರು ಬಿಡುತ್ತಾ ಒಳಗೆ ಬಂದಳು.

"ಹೊನ್ನಗುಂಡಿ ಗಂಟೆ ಕಳುವಾಗಿದೆ ಮೇಡಂ."

ಸಬ್ ಇನ್‌ಸ್ಪೆಕ್ಟರ್ ವೇದಾವತಿ ತಲೆಯೆತ್ತಿ ನೋಡಿದಳು. ಹೊನ್ನಗುಂಡಿಯ ಹೆಸರು ಕೇಳಿದ್ದಳೇ ಹೊರತು ಊರು ನೋಡಿರಲಿಲ್ಲ. ನಿಡುಗಲ್ ಬೆಟ್ಟದಾಚೆ ಚಿನ್ನ ಸಿಕ್ಕಿತೆಂಬ ಸುದ್ದಿಗೆ ಬ್ರಿಟಿಷರ ಕಾಲದಲ್ಲಿ ದಿಢೀರನೆ ಎದ್ದ ಊರದು. ಚಿನ್ನ ಬರಿದಾಗಿ ಗಣಿ ಮುಚ್ಚಿ ನಲವತ್ತೈದು ವರ್ಷವಾಗಿತ್ತು. ಈಗ ಅಲ್ಲಿ ಉಳಿದಿದ್ದು ಗೋಡೆಗಳು, ಕುರಿಮಂದೆ, ಮತ್ತು ಭಾನುವಾರಗಳಂದು ಲಾವಣ್ಯ ಕರೆತರುವ ಪ್ರವಾಸಿಗರು. ಊರೆಲ್ಲ ನಡೆಸಿ ಕತೆ ಹೇಳುವುದೇ ಅವಳ ಕಸುಬು.

"ಗಂಟೆ ಎಲ್ಲಿತ್ತು?"

"ಗಣಿ ಬಾಯಿ ಹತ್ರ ಮೇಡಂ. ಕೊನೆಗೆ ಎಲ್ರೂ ಮೂರು ಪೆಟ್ಟು ಹೊಡೀತಾರೆ. ಮೂರು ಹೊಡೆದ್ರೆ ಚಿನ್ನ ಒಲಿಯುತ್ತೆ ಅಂತ ನಾನೇ ಕತೆ ಕಟ್ಟಿದ್ದೆ. ಬರೋ ಭಾನುವಾರ ದೊಡ್ಡ ತಂಡ ಇದೆ. ಗಂಟೇನೇ ಇಲ್ಲಾಂದ್ರೆ ಯಾರು ಬರ್ತಾರೆ?" ಅವಳ ಕಣ್ಣು ತುಂಬಿ ಬಂತು.

ಎಫ್‌ಐಆರ್ ದಾಖಲಾಯಿತು. ಮಧ್ಯಾಹ್ನ ಸ್ಥಳ ಪಂಚನಾಮೆ. ಗಂಟೆ ತೂಗಿದ್ದ ಸರಪಳಿಯನ್ನು ಯಾರೂ ಕತ್ತರಿಸಿರಲಿಲ್ಲ, ಕೊಂಡಿಯನ್ನು ನಿಧಾನವಾಗಿ ಕಳಚಿದ್ದರು. ಕಂಬದ ಬುಡದಲ್ಲಿ ಕರಿ ಕಂಬಳಿಯ ತುಂಡೊಂದು ಬಿದ್ದಿತ್ತು.

"ಇದೇನು?"

"ಎರಡು ವಾರದಿಂದ ಗಂಟೆಯ ನಾಲಿಗೆಗೆ ಯಾರೋ ಇಂಥದ್ದೇ ಸುತ್ತಿರ್ತಿದ್ರು ಮೇಡಂ. ಕುರಿ ಕಾಯೋರ ಕೀಟಲೆ ಅಂತ ಬಿಚ್ಚಿ ಎಸೀತಿದ್ದೆ."

ಹೆಡ್ ಕಾನ್‌ಸ್ಟೆಬಲ್ ಅಂಜಿನಮೂರ್ತಿಗೆ ಇದರಲ್ಲಿ ಯೋಚಿಸುವಂಥದ್ದೇನೂ ಕಾಣಲಿಲ್ಲ. ಹಿತ್ತಾಳೆ ಗಂಟೆ ಅಂದ ಮೇಲೆ ಗುಜರಿ. ಎರಡು ದಿನ ಶಿರಾ, ಮಧುಗಿರಿಯ ಗುಜರಿ ಅಂಗಡಿಗಳನ್ನೆಲ್ಲ ಜಾಲಾಡಿ ಬುಧವಾರ ಬೆವರೊರೆಸಿಕೊಳ್ಳುತ್ತಾ ಬಂದ.

"ಏನೂ ಇಲ್ಲ ಮೇಡಂ. ಕಾಲು ಸವೆದಿದ್ದಷ್ಟೇ ಬಂತು."

"ಮಾರೋಕೆ ಕದಿಯೋರು ನಾಲಿಗೆಗೆ ಕಂಬಳಿ ಯಾಕೆ ಸುತ್ತುತ್ತಾರೆ ಮೂರ್ತಿ? ಇವರಿಗೆ ಬೇಕಿದ್ದದ್ದು ಹಿತ್ತಾಳೆ ಅಲ್ಲ. ಸದ್ದು ನಿಲ್ಲಬೇಕಿತ್ತು. ಆ ಸದ್ದು ಎಲ್ಲಿವರೆಗೂ ಕೇಳುತ್ತೆ, ಅಲ್ಲಿ ಯಾರಿದ್ದಾರೆ, ನಡೆದು ನೋಡೋಣ."

ಸಂಜೆ ಗಣಿ ಬಾಯಿಯ ಕಂಬಕ್ಕೆ ಹಳೆಯ ಟ್ರಾಲಿ ಕಂಬಿಯ ತುಂಡೊಂದನ್ನು ತೂಗುಹಾಕಿದರು. ಬಿಟ್ಟು ಬಿಟ್ಟು ಮೂರು ಪೆಟ್ಟು ಹೊಡೆಯುವ ಕೆಲಸ ಅಂಜಿನಮೂರ್ತಿಗೆ ಬಿತ್ತು. ವೇದಾವತಿ ಒಬ್ಬಳೇ ಊರೊಳಗೆ ನಡೆದಳು.

ಇಳಿಬಿಸಿಲು ಇಡೀ ಊರಿಗೆ ಹೊಂಬಣ್ಣ ಬಳಿದಿತ್ತು. ದೊರೆ ಬಂಗಲೆಯ ಮೆಟ್ಟಿಲುಗಳು ಎಲ್ಲಿಗೂ ಹೋಗದೆ ಆಕಾಶಕ್ಕೆ ಏರಿ ನಿಂತಿದ್ದವು. ಕುಣಿತದ ಹಾಲಿನ ನೆಲದಲ್ಲಿ ಕುರಿಹಿಕ್ಕೆ, ಗೋಡೆಯಲ್ಲಿ ದೀಪದ ಗೂಡು. ಅಂಚೆ ಕಚೇರಿಯೊಳಗೆ ಹೊಂಗೆಮರವೊಂದು ಯಾರ ಪತ್ರಕ್ಕೋ ಕಾದಂತೆ ನಿಂತಿತ್ತು. ಗಣಿಯಿಂದ ಹೊರಸುರಿದ ಮರಳ ದಿಬ್ಬದಿಂದ ಬಂದ ಗಾಳಿಗೆ ಬಿಳಿ ಧೂಳೆದ್ದು, ಆ ಧೂಳಿನಲ್ಲಿ ಶಿಫ್ಟ್ ಮುಗಿಸಿದ ಜನ ನಡೆದು ಬರುತ್ತಿದ್ದಾರೇನೋ ಅನ್ನಿಸಿತು. ದೂರದಲ್ಲಿ ಮೂರು ಪೆಟ್ಟು ಬಿದ್ದವು. ತನಿಖೆಗೆ ಬಂದವಳು ತಾನೆಂಬುದೇ ಅವಳಿಗೆ ಒಂದು ಗಳಿಗೆ ಮರೆತುಹೋಯಿತು. ಇಂಥ ಚಂದದ ಊರನ್ನು ಜನ ಹೇಗೆ ಬಿಟ್ಟುಹೋದರೋ ಎಂದುಕೊಂಡಳು.

ಊರ ಕೊನೆಗೆ ಕೂಲಿಗಾರರ ಲೈನ್ ಮನೆಗಳು. ಎಲ್ಲಕ್ಕೂ ಬಾಗಿಲು ಕಿತ್ತುಹೋಗಿ, ಕಟ್ಟಕಡೆಯ ಒಂದೇ ಮನೆಯಿಂದ ಹೊಗೆ ಏಳುತ್ತಿತ್ತು. ಅವಳು ಅತ್ತ ತಿರುಗುವುದಕ್ಕೂ ಮತ್ತೆ ಮೂರು ಪೆಟ್ಟು ಬೀಳುವುದಕ್ಕೂ ಸರಿಹೋಯಿತು.

ಆ ಮನೆಯಿಂದ ಎಪ್ಪತ್ತರ ಆಸುಪಾಸಿನ ಹೆಂಗಸೊಬ್ಬಳು ಹೊರಗೋಡಿ ಬಂದಳು. ಬರಿಗಾಲು, ಕೈಯಲ್ಲಿ ಮುದ್ದೆ ಕೋಲು. ಎದುರಿಗಿದ್ದ ಖಾಕಿ ಸಮವಸ್ತ್ರವನ್ನು ಕಂಡೂ ಕಾಣದವಳಂತೆ ಗಣಿ ಬಾಯಿಯತ್ತ ಓಡಿದಳು. ವೇದಾವತಿ ಹಿಂದೆಯೇ ಓಡಿ ತೋಳು ಹಿಡಿದು ನಿಲ್ಲಿಸಿದಳು.

"ಯಾರು?" ಮುದುಕಿ ಏದುತ್ತಾ ಕೇಳಿದಳು. "ಒಳಗೆ ಸಿಕ್ಕಂಡೋರು ಯಾರವ್ವಾ?"

ವೇದಾವತಿ ಹಿಡಿದ ತೋಳು ಬಿಡಲಿಲ್ಲ. "ಯಾರೂ ಇಲ್ಲಜ್ಜಿ. ಒಳಗೆ ಯಾರೂ ಇಲ್ಲ."

ಮುದುಕಿಯ ಹೆಸರು ಕೆಂಪಕ್ಕ. ಮನೆಯ ಹಗ್ಗದ ಮೇಲೆ ಕರಿ ಕಂಬಳಿಯೊಂದು ಇತ್ತು. ಅದರ ಮೂಲೆ ಕತ್ತರಿಸಿಹೋಗಿತ್ತು.

"ಗಂಟೆ ಎಲ್ಲಿಟ್ಟಿದ್ದೀಯ?"

"ರಾಗಿ ಗುಡಾಣದಾಗೆ ಐತೆ ಕಣವ್ವ. ಸಿಂಬಿ ಮಡಗಿ ನಾನೇ ಹೊತ್ಕಂಡ್ ಬಂದೆ. ಇಲ್ಲೇ ಐತೆ ಅಂತ ಗೊತ್ತಿದ್ರೂ ಓಡ್ಬುಟ್ನಲ್ಲ!" ಅವಳಿಗೇ ನಾಚಿಕೆಯಾಗಿ ನಕ್ಕಳು.

"ಮೂರು ಪೆಟ್ಟು ಅಂದ್ರೆ ಏನು?"

"ಒಂದು ಹೊಡೆದ್ರೆ ಇಳಿಯಾದು. ಎಲ್ಡು ಹೊಡೆದ್ರೆ ಹತ್ತಾದು. ಮೂರು ಹೊಡೆದ್ರೆ ಒಳಗೆ ಕಲ್ಲು ಕುಸಿದೈತೆ ಅಂತ. ಲೈನಿನ ಹೆಂಗಸ್ರೆಲ್ಲ ಓಡಾದು. ನಮ್ಮೋನು ಓಬಳಯ್ಯ, ಚಳಿಗಾಲ, ಕಂಬಳಿ ಮ್ಯಾಲೆ ಬುಟ್ಟು ಇಳಿದಿದ್ದ. ಕಂಬಳಿ ಅಷ್ಟೇ ಮನೆಗೆ ಬಂತು."

"ಹೊಡೀಬೇಡಿ ಅಂತ ಹೇಳಬಹುದಿತ್ತಲ್ಲ?"

"ಹಿಂದೆ ಉಳಿದಿದ್ದೋರಿಗೆ ಹೇಳ್ದೆ, ಕತೆ ಹೇಳೋ ಹುಡುಗಿ ಆಗ್ಲೇ ಮುಂದಕ್ಕೆ ಹೋಗಿದ್ಲು. ನಗಾಡಿ ನನ್ನೇ ಫೋಟೋ ಹಿಡ್ಕಂಡ್ರು. ಪ್ರತಿ ಭಾನುವಾರ ಓಡಿದೀನಿ ಕಣವ್ವ. ಬ್ಯಾಡ ಅಂದ್ರೂ ಕಾಲು ಕೇಳಾಕಿಲ್ಲ."

ಪಂಚರ ಸಮಕ್ಷಮ ಗುಡಾಣದಿಂದ ಗಂಟೆ ಹೊರತೆಗೆದು ಜಪ್ತಿ ಪಂಚನಾಮೆ ಬರೆದರು. ಅಂಜಿನಮೂರ್ತಿ ಗಂಟೆಯೊಳಗಿನ ರಾಗಿಯನ್ನು ಒಂದು ಕಾಳೂ ಚೆಲ್ಲದಂತೆ ಗುಡಾಣಕ್ಕೆ ಸುರಿದ. ಹೊತ್ತು ಮುಳುಗಿದ ಮೇಲೆ ಹೆಂಗಸನ್ನು ಬಂಧಿಸುವಂತಿಲ್ಲ. ಠಾಣೆಯಿಂದ ಮಹಿಳಾ ಪೇದೆಯೊಬ್ಬರನ್ನು ಕರೆಸಿ ಅಲ್ಲೇ ಬಿಟ್ಟರು. ಗುರುವಾರ ಬೆಳಿಗ್ಗೆ ದಸ್ತಗಿರಿ ಮಾಡಿ ಠಾಣೆಗೆ ಕರೆತಂದರು.

ವಿಷಯ ತಿಳಿದು ಬಂದ ಲಾವಣ್ಯ ಕೆಂಪಕ್ಕನ ಎದುರು ನಿಂತು ಅತ್ತಳು. ದೂರು ವಾಪಸು ತೆಗೆದುಕೊಳ್ಳುತ್ತೇನೆ ಎಂದಳು.

"ಅದನ್ನ ಕೋರ್ಟಿನಲ್ಲಿ ಹೇಳಿ. ನಾಲ್ಕು ಗಂಟೆಗೆ ಹಾಜರುಪಡಿಸ್ತೀವಿ," ಎಂದಳು ವೇದಾವತಿ. ಕೇಸ್ ಡೈರಿಯಲ್ಲಿ ಲಾಭದ ಉದ್ದೇಶ ಕಂಡುಬಂದಿಲ್ಲ ಎಂದು ಬರೆದಳು. ನಿನ್ನೆ ಸಂಜೆ ಆ ಮೂರು ಪೆಟ್ಟು ಹೊಡೆಸಿದ್ದು ತಾನೇ ಎಂಬುದು ಮಾತ್ರ ಅವಳನ್ನು ಬಿಡದೆ ಕೊರೆಯುತ್ತಿತ್ತು.

ಗೋಡೆ ಗಡಿಯಾರ ನೋಡಿ ಅವಳು ತಟ್ಟನೆ ಎದ್ದು ಹೊರಗೆ ಬಂದಳು. ಸೆಂಟ್ರಿ ಆಗಲೇ ಸುತ್ತಿಗೆ ಎತ್ತಿದ್ದ.

"ಬೇಡ. ಇವತ್ತು ಹೊಡೀಬೇಡಿ."

"ಮೂರಾಯ್ತು ಮೇಡಂ."

"ಗೊತ್ತು. ಇಲ್ಲಿ ಕೊಡಿ."

ಸುತ್ತಿಗೆ ಹಿಡಿದು ಅವಳು ಬಾಗಿಲಲ್ಲೇ ನಿಂತಳು. ಒಳಗೆ ಬೆಂಚಿನ ಮೇಲೆ ಕೆಂಪಕ್ಕ ಗೋಡೆಗೊರಗಿ ತೂಕಡಿಸುತ್ತಿದ್ದಳು. ಅವಳ ಕಾಲುಗಳು ನೆಲದ ಮೇಲೆ ಸುಮ್ಮನಿದ್ದವು.