ಮುಸುಕಾಸುರನೂ ಅಚ್ಚಿನ ಕೆಂಚವ್ವನೂ

ಈಗಿನ ಮಾತಲ್ಲ, ಬೆಟ್ಟಗಳು ಎದ್ದು ಓಡಾಡುತ್ತಿದ್ದ ಕಾಲದ್ದು. ಹೊಂಬಾಳೆ ಎಂಬ ರಾಜ್ಯದಲ್ಲಿ ಕೆಂಚವ್ವ ಅಂತ ಒಬ್ಬಳಿದ್ದಳು. ಮರದ ಹಲಗೆಯಲ್ಲಿ ಚಿತ್ರ ಕೆತ್ತಿ, ಮಸಿ ಬಳಿದು, ಕಾಗದಕ್ಕೆ ಅಚ್ಚೊತ್ತುವುದು ಅವಳ ಕಸುಬು. ಅರಮನೆಯ ಚಿತ್ರಗಾರರು ಮೂಗು ಮುರಿಯುತ್ತಿದ್ದರು: "ಒಂದೇ ಚಿತ್ರ ಮತ್ತೆ ಮತ್ತೆ ಒತ್ತೋದೂ ಒಂದು ಕಲೆಯೇ?" ಕೆಂಚವ್ವ ತಲೆ ಕೆಡಿಸಿಕೊಳ್ಳಲಿಲ್ಲ. ಅವಳ ಚಿತ್ರವಿಲ್ಲದ ಗುಡಿಸಲು ಆ ನಾಡಲ್ಲಿರಲಿಲ್ಲ. ಅರಮನೆಯವರ ಚಿತ್ರ ಯಾರು ಕಂಡಿದ್ದರು ಹೇಳಿ?

ಆ ನಾಡಿಗೆ ಮುಸುಕಾಸುರನೆಂಬ ಮಾಯಾವಿ ಗಂಟುಬಿದ್ದ. ನೆಂಟರ ವೇಷದಲ್ಲಿ ಬರುತ್ತಿದ್ದ, ಹೊಟ್ಟೆ ತುಂಬ ಉಣ್ಣುತ್ತಿದ್ದ, ಹೋಗುವಾಗ ಮನೆಯವರಲ್ಲಿ ಒಬ್ಬರನ್ನು ಕಲ್ಲು ಮಾಡಿ ಹೊತ್ತೊಯ್ಯುತ್ತಿದ್ದ. ಅವನ ನಿಜಮುಖವನ್ನು ಅವನಿಗೇ ತೋರಿಸಿದರೆ ಮಾಯೆ ಮುರಿಯುತ್ತಿತ್ತು. ತೋರಿಸುವುದು ಹೇಗೆ? ಕನ್ನಡಿಯಲ್ಲೂ ವೇಷವೇ ಕಾಣುತ್ತಿತ್ತು.

ಒಂದು ದಿನ ಸೋದರತ್ತೆಯಾಗಿ ಬಂದು ಕೆಂಚವ್ವನ ತಂಗಿ ಸಾಕಿಯನ್ನು ಮುಟ್ಟಿದ. ಮುಟ್ಟುವಾಗ ವೇಷ ಒಂದಿಷ್ಟು ಜಾರಿತು. ಹಣೆ ತುಂಬ ಮುಳ್ಳು, ಎಡಗಣ್ಣು ಕುರುಡು. ಕೆಂಚವ್ವ ನೋಡೇಬಿಟ್ಟಳು. ಅವನು ಕಲ್ಲಾದ ಸಾಕಿಯನ್ನು ಹೊತ್ತೊಯ್ದ ಮೇಲೆ, ಅತ್ತು ಮುಗಿಸಿ ಉಳಿ ಹಿಡಿದಳು. ತಂಗಿಯನ್ನು ಬಿಡಿಸಿ ತರಲೇಬೇಕು, ಅವನು ಯಾವ ಬಾಗಿಲಿಗೆ ಹೋದರೂ ಅವನ ಮುಖ ಅಲ್ಲಿರಬೇಕು ಎಂಬುದೇ ಅವಳ ಹಟ.

ಮಾಯಾವಿಗೆ ಸುದ್ದಿ ಮುಟ್ಟಿತು. ಬೆಂಕಿಹಕ್ಕಿಯನ್ನು ಕಳಿಸಿದ. ಅದು ಒಣಹಾಕಿದ ಕಾಗದಗಳನ್ನೆಲ್ಲ ಸುಟ್ಟಿತು.

"ಹಲಗೆ ಇದೆಯಲ್ಲ" ಎಂದಳು ಕೆಂಚವ್ವ.

ಕಬ್ಬಿಣದ ಕೋರೆಯ ಹಂದಿಯನ್ನು ಕಳಿಸಿದ. ಅದು ಹಲಗೆಯನ್ನೇ ನುಂಗಿತು.

"ಕೈ ಇದೆಯಲ್ಲ" ಎಂದು ಇನ್ನೊಂದು ಹಲಗೆ ಕೆತ್ತಿದಳು.

ಮೂರನೆಯ ಸಲ ಅವಳನ್ನೇ ಕಲ್ಲು ಮಾಡಲು ತಾನೇ ಬಂದ. ಎದುರಿಗೇ ಹಲಗೆ! ಹೆದರಿ ಕಣ್ಣು ಮುಚ್ಚಿಕೊಂಡ. ಏನೂ ಆಗಲಿಲ್ಲ. ಮೆಲ್ಲಗೆ ಕಣ್ಣು ತೆರೆದ, ಬಗ್ಗಿ ನೋಡಿದ, ಹೊಟ್ಟೆ ಹಿಡಿದುಕೊಂಡು ನಕ್ಕ.

"ಎಡ ಬಲ ತಿಳಿಯದವಳೇ! ಬಲಗಣ್ಣು ಕುರುಡು ಮಾಡಿದ್ದೀಯಲ್ಲ. ಒತ್ತು, ಎಷ್ಟು ಬೇಕಾದರೂ ಒತ್ತು. ಜನ ಇಲ್ಲದ ಕುರುಡನನ್ನೇ ಕಾಯುತ್ತಿರಲಿ."

"ಆಗಲಿ ಸ್ವಾಮಿ" ಎಂದು ಕೆಂಚವ್ವ ತಲೆ ತಗ್ಗಿಸಿದಳು. ಹಲಗೆಯ ಬಲ ಕಾಗದದಲ್ಲಿ ಎಡವಾಗುತ್ತದೆಂದು ಆ ಮಹಾಶಯನಿಗೇನು ಗೊತ್ತು!

ಅವನು ಅವಳನ್ನು ಕಲ್ಲು ಮಾಡದೆ ನಗುತ್ತಲೇ ಹೊರಟುಹೋದ. ಅವಳು ಒತ್ತಿದಳು. ಜನ ಒಯ್ದು ಬಾಗಿಲಿಗೆ ಅಂಟಿಸಿದರು. ಮುಸುಕಾಸುರ ಬೀಗರ ವೇಷದಲ್ಲಿ ಒಂದು ಮನೆಗೆ ಹೋದ. ಬಾಗಿಲಲ್ಲಿ ತನ್ನದೇ ಮುಖ! ವೇಷ ಕಳಚಿತು. ಪಕ್ಕದ ಮನೆಗೆ ಓಡಿದ, ಅಲ್ಲೂ ಅದೇ. ಬಾಗಿಲು ಬಾಗಿಲಿಗೂ ಕುಗ್ಗುತ್ತ ಹೋಗಿ ಕೊನೆಗೆ ಜೀರುಂಡೆಯಾದ. ಯಾರದೋ ಮನೆಯ ಕೋಳಿ ಕುಕ್ಕಿ ನುಂಗಿತು. ಕಲ್ಲಾದವರೆಲ್ಲ ಮೈಮುರಿದು ಎದ್ದರು. ಸಾಕಿ ಓಡಿಬಂದು ಅಕ್ಕನನ್ನು ತಬ್ಬಿಕೊಂಡಳು.

ದೊರೆ ಕೆಂಚವ್ವನ ಅಂಗಳಕ್ಕೇ ಬಂದ. ಹೊಳೆಯಾಚೆಯ ಜನರೂ ಚಿತ್ರಕ್ಕಾಗಿ ಸಾಲುಗಟ್ಟಿದ್ದರು.

"ಕೆಂಚವ್ವಾ, ಇನ್ನು ನೀನೇ ಆಸ್ಥಾನದ ಚಿತ್ರಗಾರ್ತಿ. ರೇಷ್ಮೆಯ ಮೇಲೆ ನನಗೊಂದು ಒತ್ತಿಕೊಟ್ಟು ಹಲಗೆ ಒಡೆದುಹಾಕು. ಇಂಥದ್ದು ಇನ್ನು ಬೇರೆ ಯಾರಿಗೂ ಸಿಗಬಾರದು."

ಕೆಂಚವ್ವ ಮಸಿಗೈ ಒರೆಸಿಕೊಳ್ಳಲೂ ಇಲ್ಲ. "ಒಂದೇ ಒಂದು ಒತ್ತಿದ್ದರೆ ನನ್ನ ತಂಗಿ ಇವತ್ತಿಗೂ ಕಲ್ಲಾಗಿರುತ್ತಿದ್ದಳು ದೊರೆಗಳೇ. ನನ್ನ ಕಸುಬು ಎಲ್ಲರ ಬಾಗಿಲಿಗೆ ಸೇರಿದ್ದು. ನಿಮಗೂ ಒಂದು ಕೊಡುತ್ತೇನೆ, ಸಾಲಿನಲ್ಲಿ ಬನ್ನಿ."

ದೊರೆ ಹಲಗೆ ನೋಡಿದ, ಸಾಕಿಯನ್ನು ನೋಡಿದ. ಕಿರೀಟ ತೆಗೆದು ಮಂತ್ರಿಯ ಕೈಗಿಟ್ಟು, ಹೋಗಿ ಸಾಲಿನ ಕೊನೆಯಲ್ಲಿದ್ದ ಕುಂಬಾರಗಿತ್ತಿಯೊಬ್ಬಳ ಹಿಂದೆ ನಿಂತ. ಹೊಂಬಾಳೆಯ ಜನ ಅಂದಿನಿಂದ ಉಂಡುಟ್ಟು ನೆಮ್ಮದಿಯಾಗಿದ್ದರು. ತಮ್ಮ ದೊರೆ ಸಾಲಿನಲ್ಲಿ ನಿಂತ ಕತೆಯನ್ನು ಮೊಮ್ಮಕ್ಕಳಿಗೆ ಎದೆಯುಬ್ಬಿಸಿ ಹೇಳುತ್ತಿದ್ದರು.